ಟಬ್ಬಿನಲ್ಲಿ ನೈದಿಲೆ, ಪುಸ್ತಕದಲ್ಲಿ ಖಾಲಿ ಸಾಲು

ಕಳೆದ ವರ್ಷ ಮೇ ತಿಂಗಳಲ್ಲಿ ಕಾರವಾರದ ನಮ್ಮ ಬಾಡಿಗೆ ಮನೆಯ ತಾರಸಿಗೆ ಒಂದು ದೊಡ್ಡ ಕಪ್ಪು ಟಬ್ ಹೊತ್ತು ತಂದೆ. ತಾವರೆ ಬೆಳೆಸಬೇಕು ಅನ್ನುವ ಹುಚ್ಚು ಹಿಡಿದಿತ್ತು. ನರ್ಸರಿಯವರು ಕೆಸರಿನ ಮುದ್ದೆಯೊಳಗೆ ಒಂದು ಪುಟ್ಟ ಗೆಡ್ಡೆ ಇಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟರು. 250 ರೂಪಾಯಿ. ‘ಮೂರು ತಿಂಗಳಲ್ಲಿ ಹೂವು, ಪಕ್ಕಾ ತಾವರೆ ಮೇಡಂ’ ಅಂದರು. ಟಬ್ಬಿಗೆ ಗದ್ದೆಮಣ್ಣು ತುಂಬಿದೆ, ನೀರು ಬಿಟ್ಟೆ, ಸೊಳ್ಳೆ ಆಗದಿರಲಿ ಅಂತ ನಾಲ್ಕು ಗಪ್ಪಿ ಮೀನೂ ಬಿಟ್ಟೆ. ಮಳೆ ಹಿಡಿಯುವ ಹೊತ್ತಿಗೆ ಅಂಗೈ ಅಗಲದ ಎಲೆಗಳು ನೀರ ಮೇಲೆ ಬಂದು ಮಲಗಿದವು.

ಶಿರಸಿ ಹತ್ತಿರದ ಊರಿನಲ್ಲಿರುವ ಆಯಿಗೆ ವೀಡಿಯೊ ಕಾಲ್ ಮಾಡಿ ತೋರಿಸಿದೆ. ಆಯಿ ಕನ್ನಡಕ ಏರಿಸಿಕೊಂಡು ಐದು ಸೆಕೆಂಡ್ ನೋಡಿದಳು.

‘ಇದು ತಾವರೆ ಅಲ್ದೇ ಕೂಸೇ. ನೈದಿಲೆ.’

‘ಹೂವೇ ಬಿಟ್ಟಿದ್ದಿಲ್ಲೆ, ಹೆಂಗೆ ಹೇಳ್ತೆ ಆಯಿ?’

‘ಹೂ ಬಪ್ಪ ತನಕ ಎಂತಕ್ಕೆ ಕಾಯವು? ಎಲೆ ಸೀಳಿದ್ದು ನೋಡು.’

ತಾವರೆಯ ಎಳೆ ಎಲೆಯೂ ಮೊದಮೊದಲು ನೀರ ಮೇಲೆ ತೇಲುತ್ತದೆ, ಆಮೇಲೆ ಮೇಲೇಳುತ್ತದೆ ಅಂತ ಮೊಬೈಲಿನಲ್ಲಿ ಓದಿದ್ದನ್ನು ಒದರಿದೆ. ಅದು ನಿಜವೇ. ಆದರೆ ಆಯಿ ತೇಲುವುದರ ಮಾತು ಎತ್ತಿರಲೇ ಇಲ್ಲ. ಬಗ್ಗಿ ನೋಡಿದೆ. ಎಲೆ ದುಂಡಗಿತ್ತು, ಆದರೆ ಒಂದು ಕಡೆ ಅಂಚಿನಿಂದ ದಂಟಿನವರೆಗೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಸೀಳಿತ್ತು. ತಾವರೆ ಎಲೆಗೆ ಸೀಳು ಇರುವುದಿಲ್ಲ. ಅದು ಇಡೀ ಚಕ್ರ, ದಂಟು ಸರೀ ನಡುವಿಗೆ ಬಂದು ಕೂಡುತ್ತದೆ, ಕೊಡೆಗೆ ಕೋಲು ಕೂಡಿದ ಹಾಗೆ. ದಂಟು ಸವರಿದರೆ ಸಣ್ಣ ಸಣ್ಣ ಮುಳ್ಳು ತರಿತರಿ ಅನ್ನುತ್ತದೆ. ನನ್ನ ಟಬ್ಬಿನ ದಂಟು ನುಣ್ಣಗೆ ಜಾರುತ್ತಿತ್ತು.

250 ರೂಪಾಯಿ ಹೋದದ್ದಕ್ಕೆ ಎರಡು ದಿನ ಹೊಟ್ಟೆ ಉರಿಯಿತು. ಮೂರನೇ ದಿನ ಪೇಟೆಯಿಂದ ಒಂದು ರೂಲ್ಡ್ ನೋಟ್‌ಪುಸ್ತಕ ತಂದು ಮೊದಲ ಪುಟದಲ್ಲಿ ‘ನೈದಿಲೆ’ ಅಂತ ಬರೆದು, ಕೆಳಗೆ ನಾಲ್ಕು ಸಾಲು ಹಾಕಿದೆ. ಎಲೆ, ದಂಟು, ಹೂ, ಕಾಯಿ. ಮೊದಲಿನ ಎರಡು ಅವತ್ತೇ ತುಂಬಿದವು. ಹೂವಿನದು ಆಗಸ್ಟಿನಲ್ಲಿ. ಕಾಯಿ ಅನ್ನುವ ಸಾಲು ಮಾತ್ರ ದೀಪಾವಳಿ ದಾಟಿದರೂ ಖಾಲಿ.

ಗಿಡವನ್ನು ಮಾತಿನಲ್ಲಿ ಬರೆಯುವುದು ಎಷ್ಟು ಕಷ್ಟ ಅಂತ ಬರೆಯಲು ಕೂತಾಗಲೇ ಗೊತ್ತಾಗುವುದು. ‘ಎಲೆ ಹಸಿರು, ಚೆಂದ ಇದೆ’ ಅಂದರೆ ಯಾವ ಗಿಡಕ್ಕೂ ಆಗುತ್ತದೆ. ಶಾಲೆಯಲ್ಲಿ ಪುಷ್ಪಪತ್ರ, ಪುಷ್ಪದಳ, ಕೇಸರ, ಶಲಾಕೆ ಅಂತ ದಾಸವಾಳ ಸೀಳಿ ಬಾಯಿಪಾಠ ಮಾಡಿದ್ದೆ. ಹತ್ತು ಅಂಕವೂ ಬಂದಿತ್ತು. ಅದರಿಂದ ಒಂದು ಕೆಸುವನ್ನು ಇನ್ನೊಂದು ಕೆಸುವಿನಿಂದ ಬೇರೆ ಮಾಡಲು ಬರಲಿಲ್ಲ ನೋಡಿ. ಅದಕ್ಕೆ ನಾನು ಕೊಟ್ಟ ದಂಡ ಬೇರೆಯೇ ಇದೆ.

ಕೆಲಸಕ್ಕೆ ಸೇರಿದ ಹೊಸತು. ಮೊದಲ ಮಳೆಗಾಲ. ಪತ್ರೊಡೆ ತಿನ್ನದೆ ಆಷಾಢ ಹೋಗುತ್ತಿದೆ ಅಂತ ಬೇಸರವಾಗಿ, ರೂಮಿನ ಹಿಂದೆ ಚರಂಡಿ ಪಕ್ಕ ಬೆಳೆದಿದ್ದ ದೊಡ್ಡ ದೊಡ್ಡ ಎಲೆ ಕೊಯ್ದೆ. ಅಕ್ಕಿ, ಮೆಣಸು, ಕೊತ್ತಂಬರಿ ರುಬ್ಬಿ, ಸವರಿ, ಸುತ್ತಿ, ಬೇಯಿಸಿ, ಆಫೀಸಿಗೆ ಡಬ್ಬಿ ತುಂಬ ಒಯ್ದೆ. ನಾಲ್ಕು ಜನ ತಿಂದರು. ಹತ್ತು ನಿಮಿಷ ಆಗಿರಲಿಲ್ಲ, ನಾಲ್ವರೂ ಗಂಟಲು ಹಿಡಿದುಕೊಂಡು ಕೂತರು. ಒಬ್ಬರು ಮೊಸರು ಕುಡಿದರು, ಒಬ್ಬರು ಬೆಲ್ಲ ಕೇಳಿದರು. ಅಂಕೋಲೆಯ ಕಡೆಯ ಹಿರಿಯರೊಬ್ಬರು ‘ತಂಗೀ, ಹುಳಿ ಎಷ್ಟು ಹಾಕಿದ್ಯೇ?’ ಅಂತ ಮಾತ್ರ ಕೇಳಿದರು. ನಾನು ಹುಳಿ ಹಾಕಿದ್ದು ಲಿಂಬೆ ಗಾತ್ರದಷ್ಟೂ ಇರಲಿಲ್ಲ.

ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಕಟ್ಟು ಕಟ್ಟಾಗಿ ಜೋಡಿಸಿಟ್ಟ ಹಾಗೆ. ಎಲೆ ಜಗಿದಾಗ ಆ ಸೂಜಿಗಳು ಬಾಯಿಗೂ ಗಂಟಲಿಗೂ ಚುಚ್ಚುತ್ತವೆ. ಗಿಡ ಇವನ್ನು ಇಟ್ಟುಕೊಂಡಿರುವುದು ತಿನ್ನಲು ಬರುವವರಿಗಾಗಿಯೇ, ನಮ್ಮನ್ನೂ ಸೇರಿಸಿ. ಆಯಿಗೆ ಆಕ್ಸಲೇಟ್ ಗೊತ್ತಿಲ್ಲ. ಆದರೆ ಯಾವ ಕೆಸು ತುರಿಸುತ್ತದೆ, ಯಾವುದು ಕಡಿಮೆ, ತುರಿಕೆ ಇಳಿಸಲು ಯಾವುದಕ್ಕೆ ವಾಟೆಹುಳಿ ಎಷ್ಟು, ಎಷ್ಟು ಹೊತ್ತು ಬೇಯಬೇಕು ಎಲ್ಲ ಗೊತ್ತು. ದಂಟು ಕಪ್ಪಗಿರುವ ಕರಿಕೆಸು, ಮಳೆಗಾಲದಲ್ಲಿ ಮರದ ಕವಲಿನಲ್ಲಿ ಹುಟ್ಟುವ ಮರಕೆಸು, ಅಂಗಳದ ಬಚ್ಚಲು ನೀರಿಗೆ ಬೆಳೆಯುವ ಬಿಳಿ ಕೆಸು. ಒಂದೊಂದನ್ನೂ ಗುರುತಿಸುವ ಗುರುತು ಒಂದೊಂದು.

ಅದರಲ್ಲೂ ಮರಕೆಸು ನನಗೆ ಇಷ್ಟ. ಬೇಸಿಗೆಯಲ್ಲಿ ನೋಡಿದರೆ ಮರದಲ್ಲಿ ಏನೂ ಇರುವುದಿಲ್ಲ. ಜೂನ್ ಬಂತು ಅಂದರೆ ಪಾಚಿ ಹಿಡಿದ ಕವಲಿನಿಂದ ಹೃದಯದ ಆಕಾರದ ಎಲೆ ಇಳಿಬೀಳುತ್ತದೆ. ದಂಟು ಎಲೆಯ ಅಂಚಿಗೆ ಸೇರುವುದಿಲ್ಲ, ಸ್ವಲ್ಪ ಒಳಗೆ, ಬೆನ್ನಿಗೆ ಸೇರುತ್ತದೆ. ಈ ಗಿಡ ಹೂ ಬಿಟ್ಟು ಬೀಜವಾಗುವುದನ್ನೇ ನಂಬಿಕೊಂಡು ಕೂರುವುದಿಲ್ಲ. ಬುಡದಿಂದ ಕಡ್ಡಿಯಂಥ ಟಿಸಿಲು ಎದ್ದು ಅದರ ತುಂಬ ಜೋಳದ ಕಾಳಿನಷ್ಟು ಮರಿಗೆಡ್ಡೆ ಹಿಡಿಯುತ್ತವೆ. ಪ್ರತಿಯೊಂದಕ್ಕೂ ಕೊಕ್ಕೆಗಳು. ಮೈ ತಾಗಿದ ಪ್ರಾಣಿಯ ಕೂದಲಿಗೆ ಅಂಟಿಕೊಂಡು ಇನ್ನೊಂದು ಮರಕ್ಕೆ ಹೋಗುತ್ತವೆ. ಇದರ ಲ್ಯಾಟಿನ್ ಹೆಸರಿನಲ್ಲಿ ‘ವಿವಿಪಾರಾ’ ಅಂತ ಇದೆ, ಮರಿ ಹಾಕುವಂಥದ್ದು ಅಂತ ಅರ್ಥ. ಹೆಸರಿಟ್ಟವರು ಸರಿಯಾಗಿಯೇ ನೋಡಿದ್ದಾರೆ.

ಹೆಸರಿನ ವಿಷಯಕ್ಕೆ ಬಂದರೆ ಇನ್ನೊಂದು ಎಡವಟ್ಟೂ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ‘ಬ್ರಾಹ್ಮಿ’ ಗಿಡ ತರಿಸಿದ್ದೆ, ತಂಬುಳಿಗೆ ಆಗುತ್ತದೆ ಅಂತ. ಬಂದದ್ದು ನೀರುಬ್ರಾಹ್ಮಿ. ದಪ್ಪ ಪುಟಾಣಿ ಎಲೆ, ಬಿಳಿಗೆ ತುಸು ನೇರಳೆ ಬೆರೆಸಿದ ಐದೆಸಳಿನ ಹೂವು, ಕಚ್ಚಿದರೆ ಕಹಿ. ನಮ್ಮ ಕಡೆ ಬ್ರಾಹ್ಮಿ ಅಂದರೆ ಒಂದೆಲಗ. ಗಂಟು ಗಂಟಿಗೆ ಬೇರು ಬಿಡುತ್ತಾ ನೆಲದ ಮೇಲೆ ಓಡುವ, ಮೂತ್ರಪಿಂಡದ ಆಕಾರದ ಎಲೆಯ ಗಿಡ. ಕೊತ್ತಂಬರಿಯ ಕುಟುಂಬದ್ದು. ಎರಡೂ ಒದ್ದೆ ಜಾಗದವು, ಎರಡಕ್ಕೂ ಜ್ಞಾಪಕಶಕ್ತಿಯ ಖ್ಯಾತಿ, ಹಾಗಾಗಿ ಹೆಸರೂ ಒಂದೇ ಆಗಿಹೋಗಿದೆ. ಮಾರಿದವರ ತಪ್ಪು ಅನ್ನಲು ಬರುವುದಿಲ್ಲ. ಒಂದೆಲಗಕ್ಕೆ ಹೂ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಎಲೆಯ ಕೆಳಗೆ, ದಂಟಿನ ಬುಡದಲ್ಲಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ಕೆಂಪು ಹೂವುಗಳು ಗುಂಪಾಗಿ ಅಡಗಿರುತ್ತವೆ. ವರ್ಷಗಟ್ಟಲೆ ತಂಬುಳಿ ಉಂಡವಳು ನಾನು. ನೋಡಿದ್ದು ಹೋದ ವರ್ಷ.

ಗಿಡಕ್ಕೆ ಒಂದೇ ಹೆಸರು, ಒಂದೇ ವರ್ಣನೆ ಇರಲಿ ಅಂತಲೇ ಸಸ್ಯಶಾಸ್ತ್ರದವರು ಲ್ಯಾಟಿನ್ ಹಿಡಿದದ್ದು. ಯಾರದ್ದೂ ಮಾತೃಭಾಷೆ ಅಲ್ಲದ್ದರಿಂದ ಜಗಳವಿಲ್ಲ. 1935ರಿಂದ 2011ರ ಕೊನೆಯವರೆಗೂ ಹೊಸ ಗಿಡ ಸಿಕ್ಕರೆ ಅದರ ವರ್ಣನೆಯನ್ನು ಲ್ಯಾಟಿನ್ನಿನಲ್ಲಿ ಬರೆಯಲೇಬೇಕಿತ್ತು. ಇಲ್ಲದಿದ್ದರೆ ಹೆಸರಿಗೆ ಮಾನ್ಯತೆ ಇಲ್ಲ. 2012ರ ಜನವರಿ 1ರಿಂದ ಇಂಗ್ಲಿಷೂ ನಡೆಯುತ್ತದೆ. ಕನ್ನಡದಲ್ಲಿ ಬರೆದರೆ ಈಗಲೂ ನಡೆಯುವುದಿಲ್ಲ. ಆದರೂ ಕನ್ನಡ ಒಂದೆರಡು ಕಡೆ ಹಿಂಬಾಗಿಲಿನಿಂದ ನುಸುಳಿದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ನಿಲ್ಲುವ ಕಾಡು. ಅಲ್ಲಿ ಕೇರುಬೀಜದ ಜಾತಿಗೆ ಸೇರಿದ ಒಂದು ಮರ ಸಿಕ್ಕಿ, 2000ದಲ್ಲಿ ಅದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಅಂತ ಹೆಸರಿಟ್ಟರು. ಜಗತ್ತಿನ ಯಾವ ಮೂಲೆಯ ಸಸ್ಯಶಾಸ್ತ್ರಜ್ಞರೂ ಈ ಮರದ ಹೆಸರು ಹೇಳಬೇಕಾದರೆ ಕತ್ತಲೆ, ಕಾನು ಎರಡನ್ನೂ ಉಚ್ಚರಿಸಬೇಕು. ನನಗಂತೂ ಇದರಲ್ಲಿ ಸಣ್ಣ ಖುಷಿ ಇದೆ.

ಕಾರವಾರಕ್ಕೂ ಇಂಥದ್ದೊಂದು ಸಿಕ್ಕಿತು. ಕಾಳಿ ನದಿ ಸಮುದ್ರ ಸೇರುವ ಕಡೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಇದೆ, ಅದರೊಳಗೆ ನಡೆಯಲು ಮರದ ಹಾದಿಯನ್ನೂ ಮಾಡಿದ್ದಾರೆ. ಭಾನುವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಹೋದರೆ ಕೆಸರೆಲ್ಲ ತೆರೆದಿರುತ್ತದೆ. ಉಪ್ಪಟ್ಟಿ ಗಿಡದ ಸುತ್ತ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲ್ಮುಖವಾಗಿ ಎದ್ದಿರುತ್ತವೆ. ಅದರ ಎಲೆಗೆ ನಾಲಿಗೆ ತಾಗಿಸಿ ನೋಡಿ. ಉಪ್ಪು. ಬೇರಿನಿಂದ ಬಂದ ಉಪ್ಪನ್ನು ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. (ನಾಲಿಗೆ ಚಾಚಿದ್ದನ್ನು ಒಬ್ಬ ಪುಟ್ಟ ಹುಡುಗ ನೋಡಿ ಅಪ್ಪನಿಗೆ ತೋರಿಸಿದ. ಇರಲಿ.) ಇನ್ನೊಂದು ಜಾತಿಯ ಕಾಂಡ್ಲಾದಲ್ಲಿ ಬೀಜ ಮರದಲ್ಲಿ ಇದ್ದಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯ ಹಾಗೆ ಹಸಿರಾಗಿ ಉದ್ದಕ್ಕೆ ಜೋತಾಡುತ್ತಿರುವುದು ಕಾಯಿ ಅಂತ ನಾನು ಎಷ್ಟೋ ದಿನ ತಿಳಿದಿದ್ದೆ. ಅದು ಸಸಿ. ತಾಯಿಮರ ಬಿಟ್ಟಾಗ ಕೆಸರಿಗೆ ಬಿದ್ದು ಬೇರೂರಿದರೂ ಆಯಿತು, ನೀರಿನಲ್ಲಿ ತೇಲಿ ಬೇರೆ ಕಡೆ ಹೋದರೂ ಆಯಿತು.

ಈ ಗುಂಪಿನ ಒಂದು ಕುಲಕ್ಕೆ ಲ್ಯಾಟಿನ್ನಿನಲ್ಲಿ ‘ಕಂಡೇಲಿಯಾ’ ಅಂತ ಹೆಸರು. ಓದಿದ ಕೂಡಲೇ ‘ಅರೆ, ಕಾಂಡ್ಲಾ!’ ಅಂದೆ. ಅದು ಬಂದದ್ದು ಮಲಯಾಳದ ಕಂಡಲ್‌ನಿಂದ, ಡಚ್ಚರ ಪುಸ್ತಕದ ಮೂಲಕ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ 12 ಸಂಪುಟ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಹೆಸರು ‘ಹೊರ್ಟುಸ್ ಮಲಬಾರಿಕುಸ್’. ಗಿಡಗಳ ಗುಣ ಹೇಳಿದವರು ಇಟ್ಟಿ ಅಚ್ಯುದನ್ ಅನ್ನುವ ಈಳವ ವೈದ್ಯರು ಮತ್ತು ಮೂವರು ಕೊಂಕಣಿ ಪಂಡಿತರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಗಿಡಗಳಿಗೆ ಲ್ಯಾಟಿನ್ ಜೋಡಿಹೆಸರು ಇಡುವ ಪದ್ಧತಿ ನೆಲೆಗೊಳಿಸಿದ ಸ್ವೀಡನ್ನಿನ ಲಿನ್ನೇಯಸ್ ಮಲಬಾರ್ ನೋಡಿದವನಲ್ಲ. ಇಲ್ಲಿನ ಎಷ್ಟೋ ಗಿಡಗಳಿಗೆ ಅವನು ಹೆಸರಿಟ್ಟದ್ದು ಈ ಪುಸ್ತಕದ ಚಿತ್ರ, ವರ್ಣನೆ ನೋಡಿಕೊಂಡು. ಅಂದರೆ ಎಲೆಯ ಆಕಾರ, ಹೂವಿನ ವಾಸನೆ, ಬೇರಿನ ರುಚಿಯನ್ನು ಮೊದಲು ಹೇಳಿದವರು ಅವನ್ನು ಅರೆದು ಕುಡಿಸಿ, ಹಚ್ಚಿ ಗೊತ್ತಿದ್ದವರು. ಅದು ಕೊಂಕಣಿಯಿಂದಲೂ ಮಲಯಾಳದಿಂದಲೂ ದಾಟಿ ದಾಟಿ ಲ್ಯಾಟಿನ್ ಸೇರಿತು. ಕಾರವಾರದ ಮೀನುಪೇಟೆಯಲ್ಲಿ ಕೊಂಕಣಿ ಕೇಳಿದಾಗೆಲ್ಲ ನನಗೆ ಆ ಮೂವರು ನೆನಪಾಗುತ್ತಾರೆ.

ನಮ್ಮ ಊಟದ ಗಿಡವನ್ನೇ ನಾವು ಹೂವಿನ ಗಿಡ ಅಂತ ನೋಡುವುದಿಲ್ಲ, ಅಲ್ವಾ? ಭತ್ತ ಹೂ ಬಿಡುವುದನ್ನು ನೋಡಿದ್ದೀರಾ? ನಾನು ನೋಡಿದ್ದು ಕುಮಟಾ ತಾಲೂಕಿನ ಅಘನಾಶಿನಿ ಗಜನಿಯಲ್ಲಿ (ಹೊಳೆ ಸಮುದ್ರ ಸೇರುವ ಕಡೆಯ ಉಪ್ಪುನೀರಿನ ತಗ್ಗು ಗದ್ದೆ), ಗೆಳತಿಯ ತವರಿನ ಗದ್ದೆಯಲ್ಲಿ. ಅಲ್ಲಿ ಕಗ್ಗ ಬೆಳೆಯುತ್ತಾರೆ. ಉಪ್ಪುನೀರು ತಡೆಯುವ, ನೆರೆ ನಿಂತರೂ ಕೊಳೆಯದ ಉದ್ದನೆಯ ಭತ್ತ. ಬೆಳಿಗ್ಗೆ ಒಂಬತ್ತೂವರೆ ಆಗಿತ್ತು. ಗೆಳತಿಯ ಅಪ್ಪ ಒಂದು ತೆನೆ ಬಗ್ಗಿಸಿ ‘ಸುಮ್ನೆ ನೋಡ್ತಾ ಇರು’ ಅಂದರು. ಭತ್ತದ ಕಾಳಿಗೆ ಎರಡು ಹೊಟ್ಟು, ದೋಣಿ ಮಗುಚಿ ಒಂದಕ್ಕೊಂದು ಮುಚ್ಚಿದ ಹಾಗೆ. ಅವೆರಡೂ ನಿಧಾನಕ್ಕೆ ಬಿರಿದವು. ಒಳಗಿನಿಂದ ಆರು ಕೇಸರ ನೂಲಿನ ತುದಿಯಲ್ಲಿ ಜೋತು ಹೊರಬಿದ್ದವು, ಅಕ್ಕಿಯ ನುಚ್ಚಿಗೆ ಅರಿಸಿನ ಸವರಿದಷ್ಟು ಹಳದಿ. ನಡುವೆ ಎರಡು ಪುಟ್ಟ ಗರಿ. ಎಸಳಿಲ್ಲ, ವಾಸನೆಯಿಲ್ಲ, ದುಂಬಿಯನ್ನು ಕರೆಯುವ ಏನೂ ಇಲ್ಲ. ಹೊಟ್ಟಿನ ಬುಡದಲ್ಲಿ ಎರಡು ಸಣ್ಣ ಗುಳ್ಳೆಗಳಿವೆ, ಅವು ನೀರು ಕುಡಿದು ಉಬ್ಬಿದಾಗ ಬಾಗಿಲು ತೆರೆಯುತ್ತದೆ, ಬತ್ತಿದಾಗ ಮುಚ್ಚುತ್ತದೆ. ಒಂದು ಗಂಟೆಯ ಆಟ. ಆಮೇಲೆ ಮುಚ್ಚಿದ ಬಾಗಿಲು ಕಾಳು ಬಲಿತು ನಾವು ಕುಟ್ಟಿ ತೆಗೆಯುವವರೆಗೂ ತೆರೆಯುವುದಿಲ್ಲ. ಅವತ್ತು ಮಧ್ಯಾಹ್ನ ಅಲ್ಲೇ ಕಗ್ಗದ ಅನ್ನಕ್ಕೆ ಮೀನುಸಾರು ಇತ್ತು. ನಾನು ಮಜ್ಜಿಗೆ ಕಲಸಿಕೊಂಡೆ, ಅನ್ನ ಮಾತ್ರ ಎರಡು ಸಲ ಹಾಕಿಸಿಕೊಂಡೆ.

ಹಾಗಂತ ತಾವರೆಯ ಆಸೆ ಬಿಟ್ಟಿಲ್ಲ. ಅದರ ಬಗ್ಗೆ ಓದುತ್ತಾ ಹೋದ ಹಾಗೆ ನೈದಿಲೆಗೂ ಅದಕ್ಕೂ ಇರುವ ದೂರ ಜಾಸ್ತಿಯಾಗುತ್ತಾ ಹೋಯಿತು. ಮೊದಲು ಎರಡನ್ನೂ ಒಂದೇ ಕುಟುಂಬದಲ್ಲಿ ಇಡುತ್ತಿದ್ದರು. ಡಿಎನ್‌ಎ ನೋಡಿದ ಮೇಲೆ ತಾವರೆಯ ಹತ್ತಿರದ ನೆಂಟರು ನೀರಿನವರಲ್ಲ ಅಂತ ಗೊತ್ತಾಯಿತು. ಶಿರಸಿಯ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದರ ಕುಟುಂಬ ತಾವರೆಯ ದಾಯಾದಿ. ಕೆರೆಯಲ್ಲಿ ಪಕ್ಕದಲ್ಲೇ ಅರಳುವ ನೈದಿಲೆಗಿಂತ ಬೆಟ್ಟದ ಮೇಲಿನ ಮರ ಹತ್ತಿರದ ಸಂಬಂಧ! ಇದನ್ನು ಆಯಿಗೆ ಹೇಳಿದರೆ ‘ಹೌದಾ’ ಅಂದು ಸುಮ್ಮನಾದಳು. ನಂಬಲಿಲ್ಲ ಅಂತ ಕಾಣುತ್ತದೆ.

ತಾವರೆ ಹೂ ಅರಳುವ ದಿನಗಳಲ್ಲಿ ಬೆಚ್ಚಗಿರುತ್ತದೆ. ಹೊರಗೆ 10 ಡಿಗ್ರಿ ಚಳಿ ಇದ್ದರೂ ಹೂವಿನೊಳಗೆ 30ರ ಮೇಲೆ. 1996ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ಉದ್ಯಾನದಲ್ಲಿ ಅಳೆದು ನೋಡಿದ್ದಾರೆ. ರಾತ್ರಿ ಒಳಗೆ ಉಳಿಯುವ ದುಂಬಿಗಳಿಗೆ ಬಿಸಿ ಕೋಣೆ ಸಿಕ್ಕ ಹಾಗೆ. ಬೀಜದ ಸಿಪ್ಪೆ ಎಷ್ಟು ಗಟ್ಟಿ ಅಂದರೆ, ಚೀನಾದ ಒಣಗಿದ ಕೆರೆಯೊಂದರಲ್ಲಿ ಸಿಕ್ಕ ಸುಮಾರು 1,300 ವರ್ಷದ ಹಳೆಯ ಬೀಜ ಮೊಳೆತಿದೆ. ಅಂಗಡಿಯಲ್ಲಿ ‘ತಾವರೆ ಬೀಜ’ ಅಂತ ಮಾರುವ ಮಖಾನಾ ಮಾತ್ರ ತಾವರೆಯದ್ದಲ್ಲ. ಅದು ಬಿಹಾರದ ಮಿಥಿಲೆಯ ಕಡೆ ಕೆರೆಗಳಲ್ಲಿ ಬೆಳೆಯುವ, ಎಲೆಯ ಮೇಲೂ ಮುಳ್ಳಿರುವ ಇನ್ನೊಂದು ಗಿಡದ ಬೀಜ. ಅದೂ ನೈದಿಲೆಯ ಕುಟುಂಬದ್ದೇ. ನನ್ನ ನರ್ಸರಿಯವರು ಒಬ್ಬರೇ ಅಲ್ಲ, ಇಡೀ ದೇಶವೇ ನೈದಿಲೆಯನ್ನು ತಾವರೆ ಅಂತ ಕೊಡುತ್ತಿದೆ ಅಂದುಕೊಂಡಾಗ 250 ರೂಪಾಯಿಯ ಸಂಕಟ ಸ್ವಲ್ಪ ಇಳಿಯಿತು.

ಇನ್ನು ಟಬ್ಬಿನ ಕಥೆ. ಆಗಸ್ಟಿನಲ್ಲಿ ಮೊದಲ ಹೂ ಬಂತು. ತಿಳಿ ನೀಲಿ. ತಾವರೆ ಹಗಲಿನದು, ನೈದಿಲೆ ಚಂದ್ರನದು ಅಂತ ಕವಿಗಳು ಹೇಳುತ್ತಾ ಬಂದದ್ದು ಬಿಳಿ ಮತ್ತು ಕೆಂಪು ನೈದಿಲೆಗೆ ಸರಿ. ಅವು ರಾತ್ರಿ ಅರಳುತ್ತವೆ. ನೀಲಿಯದು ಬೆಳಿಗ್ಗೆ ಅರಳಿ ಸಂಜೆಗೆ ಮುಚ್ಚಿತು, ಮರುದಿನ ಮತ್ತೆ ಅರಳಿತು. ಮೊದಲ ದಿನ ಹೂವಿನ ನಡುವೆ ಬಟ್ಟಲಿನಲ್ಲಿ ಇಟ್ಟ ಹಾಗೆ ಒಂದು ಚಮಚದ ತುದಿಯಷ್ಟು ನೀರು. ಮಳೆನೀರು ಅಂದುಕೊಂಡೆ. ಅವತ್ತು ಮಳೆ ಇರಲಿಲ್ಲ. ಅದು ಹೂವಿನದೇ. ಮೊದಲ ದಿನ ಹೂ ಹೆಣ್ಣು. ಬೇರೆ ಹೂವಿನ ಪರಾಗ ಮೈಗೆ ಮೆತ್ತಿಕೊಂಡು ಬಂದ ನೊಣ ಆ ಹನಿಗೆ ಜಾರಿದರೆ ಪರಾಗ ತೊಳೆದುಹೋಗಿ ಹೂವಿಗೆ ಸಿಗುತ್ತದೆ. ನೊಣ ಕೆಲವೊಮ್ಮೆ ಸಾಯುತ್ತದೆ. ನನ್ನ ಹೂವಿನಲ್ಲೂ ಒಂದು ಸಣ್ಣ ನೊಣ ಕಾಲು ಮೇಲೆ ಮಾಡಿ ತೇಲುತ್ತಿತ್ತು. ಎರಡನೇ ದಿನ ನೀರಿಲ್ಲ, ಕೇಸರಗಳು ನಡುವಿಗೆ ಬಾಗಿ ಮುಚ್ಚಿಕೊಂಡು, ಹಳದಿ ಹುಡಿ ಬಿಡುತ್ತಿದ್ದವು. ಈಗ ಹೂ ಗಂಡು. ನಾಲ್ಕನೇ ದಿನ ಅರಳಲಿಲ್ಲ. ವಾರದೊಳಗೆ ಕಾಣಲೇ ಇಲ್ಲ.

ಹೀಗೆ ಎಂಟೊಂಬತ್ತು ಹೂ ಬಂದು ಹೋದವು. ಪ್ರತಿ ಸಲವೂ ಬಾಡಿದ ಹೂ ಮಾಯ. ಕೊಳೆತು ಹೋಯಿತು ಅಂದುಕೊಂಡೆ. ನೀರು ಜಾಸ್ತಿಯಾಯಿತೇನೋ, ಗಪ್ಪಿ ತಿಂದವೇನೋ ಅಂತಲೂ ಅನುಮಾನ ಬಂತು. ಪುಸ್ತಕದಲ್ಲಿ ಕಾಯಿ ಅನ್ನುವ ಸಾಲಿನ ಎದುರು ಒಮ್ಮೆ ಪೆನ್ಸಿಲಿನಲ್ಲಿ ‘ಕಾಯಿ ಕಚ್ಚುವುದಿಲ್ಲ’ ಅಂತ ಬರೆದು, ಧೈರ್ಯ ಸಾಲದೆ ಅಳಿಸಿದೆ. ಕಾರ್ತಿಕದಲ್ಲಿ ಆಯಿ ಬಂದಿದ್ದಳು. ದೇವಿಮನೆ ಘಟ್ಟ ಇಳಿದು ಬಂದ ಬಸ್ಸಿನ ತಲೆಸುತ್ತು ಕಳೆಯಲಿ ಅಂತ ತಾರಸಿಗೆ ಕರೆದುಕೊಂಡು ಹೋದೆ. ಚಾ ಕುಡಿಯುತ್ತಾ ಟಬ್ ನೋಡಿದಳು.

‘ಕಾಯಿ ಆಜಾ?’ ಅಂದಳು.

ಇಲ್ಲ ಅಂದೆ.

ಅವಳು ಲೋಟ ಕೆಳಗಿಟ್ಟು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ಕೈ ಇಳಿಸಿದಳು. ಮೀನುಗಳು ಚದುರಿದವು. ಕೆಸರಿನ ಹತ್ತಿರ ತಡಕಾಡಿ, ಒಂದು ದಂಟನ್ನು ಮೆಲ್ಲಗೆ ಎತ್ತಿದಳು. ಹೂ ಹೊತ್ತು ನೆಟ್ಟಗೆ ನಿಂತಿದ್ದ ದಂಟು ಈಗ ಫೋನಿನ ಹಳೆಯ ವೈರಿನ ಹಾಗೆ ಸುರುಳಿಯಾಗಿತ್ತು. ಅದರ ತುದಿಯಲ್ಲಿ ಲಿಂಬೆಗಿಂತ ಚಿಕ್ಕ, ಹಸಿರುಮಿಶ್ರಿತ ಕಂದು ಕಾಯಿ. ಎಸಳು ಉದುರಿದ ಗುರುತು ಮೈಮೇಲೆಲ್ಲ. ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ. ಅವಳು ಉಗುರಿನಿಂದ ಸೀಳಿದಳು. ಒಳಗೆ ಲೋಳೆಯಲ್ಲಿ ಗಸಗಸೆಗಿಂತ ತುಸು ದೊಡ್ಡ ಬೀಜಗಳು, ನೂರಾರು. ಒಂದಷ್ಟು ಅವಳ ಬೆರಳಿನಿಂದ ಜಾರಿ ನೀರ ಮೇಲೆ ತೇಲಿದವು.

ನಾನು ಪುಸ್ತಕ ತರಲು ಕೆಳಗೆ ಓಡಿದೆ. ಬರುವಷ್ಟರಲ್ಲಿ ಕಾಯನ್ನು ಮತ್ತೆ ನೀರಿಗೆ ಬಿಟ್ಟು, ಆರಿದ ಚಾ ಕುಡಿಯುತ್ತಿದ್ದಳು. ‘ಕಾಯಿ: ನೀರಿನಡಿ. ದಂಟು ಸುರುಳಿ ಸುತ್ತಿಕೊಂಡು ಕೆಳಗೆ ಎಳೆದುಕೊಳ್ಳುತ್ತದೆ’ ಅಂತ ಬರೆದೆ. ಬೀಜಗಳು ಇನ್ನೂ ತೇಲುತ್ತಿದ್ದವು.